ಮಣಿಕಟ್ಟಿನ ಸುರಂಗ

ಈ ಪತ್ರಿಕೆಯ ಕಳೆದ ಎರಡು ಸಂಚಿಕೆಗಳಲ್ಲಿ ಅಕ್ಷರ ಕೆಟ್ಟಿತೆಂದು ಬಂದ ಕಾಗದಗಳನ್ನೆಲ್ಲ ನಾವು ಓದಿದ್ದೇವೆ. ಹಿರಿಯ ಉಪಾಧ್ಯಾಯರೊಬ್ಬರು, "ಒತ್ತಕ್ಷರಗಳು ಹಗ್ಗ ಬಿಚ್ಚಿದ ಕರುಗಳಂತೆ ಸಾಲು ಬಿಟ್ಟು ಮೇಯಲು ಹೋಗಿವೆ" ಎಂದು ಬರೆದಿದ್ದಾರೆ. ಐದನೆಯ ತರಗತಿಯ ಬಾಲಿಕೆಯೊಬ್ಬಳು, "ಮಾಷ್ಟ್ರೇ, ಈ ಸಲ ಸ್ಟೆನ್ಸಿಲ್ ಕೊರೆದದ್ದು ಕೋಳಿಯೋ?" ಎಂದು ಕೇಳಿದ್ದಾಳೆ. ಆಕ್ಷೇಪಣೆ ನ್ಯಾಯವಾದುದೇ. ಹನ್ನೊಂದು ವರ್ಷಗಳಿಂದ ಈ ಪುಟಗಳ ಸ್ಟೆನ್ಸಿಲ್ ಕೊರೆಯುವ ಭಾರವನ್ನು ಹೊತ್ತವರು ನಾವು. ತಪ್ಪು ನಮ್ಮದು, ಸರಿಯಾಗಿ ಹೇಳುವುದಾದರೆ ನಮ್ಮ ಬಲಗೈಯದು. ಕ್ಷಮಾಪಣೆಯ ನಾಲ್ಕು ಸಾಲು ಬರೆದುಕೊಡಿರೆಂದು ಸಂಪಾದಕರು ಹೇಳಿದರು. ನಾಲ್ಕು ಸಾಲಿನಲ್ಲಿ ಮುಗಿಯುವ ಸಂಗತಿ ಅದಲ್ಲವಾದುದರಿಂದ ಈ ಬರೆಹ.

ಸ್ಟೆನ್ಸಿಲ್ ಕೊರೆದವರಿಗೆ ಗೊತ್ತು. ಮೇಣದ ಕಾಗದದ ಮೇಲೆ ಉಕ್ಕಿನ ಮೊನೆಯನ್ನು ಒತ್ತಿ ಬರೆಯಬೇಕು. ಒತ್ತು ಕಡಿಮೆಯಾದರೆ ಅಕ್ಷರ ಮೂಡದು. ಹೆಚ್ಚಾದರೆ ಕಾಗದ ಹರಿದು, ಸೊನ್ನೆಯ ಹೊಟ್ಟೆ ಕಿತ್ತುಬಂದು ಅಲ್ಲಿ ಮಸಿ ತುಂಬುವುದು. ಕನ್ನಡದ ಲಿಪಿಯಲ್ಲಿ ಸೊನ್ನೆಗಳಿಗೇನು ಬರಗಾಲವೆ? ಈ ಹದವನ್ನು ಅರಿಯುವುದು ಕಣ್ಣಲ್ಲ. ಹೆಬ್ಬೆರಳಿನ ಮತ್ತು ತೋರುಬೆರಳಿನ ತುದಿಗಳು. ಆ ತುದಿಗಳಿಗೇ ಅರಿವು ತಪ್ಪಿತ್ತು.

ಆರಂಭವಾದುದು ಎರಡು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ. ರಾತ್ರಿ ಎರಡು ಗಂಟೆಯ ಸುಮಾರಿಗೆ ಕೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಇರುವೆ ಹರಿದಂತೆ ತೊಡಗಿ, ಬಿಸಿನೀರಿನಲ್ಲಿ ಅದ್ದಿದಂತಾಗಿ, ಬೆರಳುಗಳು ಬಾತಿವೆಯೆಂಬ ಭ್ರಮೆ ಹುಟ್ಟುತ್ತಿತ್ತು. ದೀಪ ಹಾಕಿ ನೋಡಿದರೆ ಅವು ಎಂದಿನಂತೆಯೇ ಇರುತ್ತಿದ್ದವು. ಎದ್ದು ಕುಳಿತು ಕೈಯನ್ನು ಕೊಡಹಿದರೆ ಐದು ನಿಮಿಷದಲ್ಲಿ ಶಮನ. ಮಲಗಿದ ಬಾಗಿನ ದೋಷವೆಂದು ಸುಮ್ಮನಿದ್ದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಹಗಲಿನಲ್ಲಿಯೂ ಕಾಣಿಸಿಕೊಂಡಿತು. ಕರಿಹಲಗೆಯ ಮುಂದೆ ಸೀಮೆಸುಣ್ಣ ತಾನಾಗಿ ಜಾರಿ ಬೀಳುತ್ತಿತ್ತು. ಮಕ್ಕಳು ಓಡಿಬಂದು ಹೆಕ್ಕಿಕೊಡುತ್ತಿದ್ದರು. ಅವರಿಗೆ ಅದೊಂದು ಆಟವಾಯಿತು. ಅಂಗಿಯ ಗುಂಡಿಗಳನ್ನು ಹಾಕಿಕೊಳ್ಳುವುದಕ್ಕೆ ಕನ್ನಡಿಯ ಮುಂದೆ ನಿಲ್ಲಬೇಕಾಯಿತು, ಏಕೆಂದರೆ ಗುಂಡಿ ಬೆರಳಿಗೆ ಸಿಕ್ಕಿತೆ ಇಲ್ಲವೆ ಎಂಬುದನ್ನು ಕಣ್ಣೇ ಹೇಳಬೇಕಾಗಿತ್ತು.

ನಮ್ಮನ್ನು ಅಲುಗಾಡಿಸಿದ ದಿನ ಬೇರೆ. ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದಿಸುವಾಗ ಮಗುವಿನ ಕೈಯನ್ನು ನಮ್ಮ ಕೈಯೊಳಗೆ ಹಿಡಿದುಕೊಂಡು ಸ್ಲೇಟಿನ ಮೇಲೆ ನಡೆಸುವುದು ರೂಢಿ. ತರಬೇತಿಯಲ್ಲಿ ಏನೇನೋ ಹೊಸ ವಿಧಾನಗಳನ್ನು ಕಲಿಸಿದರೂ, ಮನೆಯಲ್ಲಿ ತುಳುವನ್ನೋ ಮಲೆಯಾಳವನ್ನೋ ಮರಾಠಿಯನ್ನೋ ಆಡಿ, ಕನ್ನಡವನ್ನು ಮೊದಲ ಬಾರಿಗೆ ಶಾಲೆಯಲ್ಲಿ ಕಾಣುವ ನಮ್ಮ ಮಕ್ಕಳಿಗೆ ಅಕ್ಷರದ ಬಳುಕು ಕೈಯಿಂದ ಕೈಗೆ ಹೋಗಬೇಕೆಂಬುದು ನಮ್ಮ ಹಟ. ಅಂದು 'ಳ' ತಿದ್ದಿಸುತ್ತಿದ್ದೆವು. ಮಗು ಅಳತೊಡಗಿತು. "ಯಾಕೆ?" ಎಂದರೆ, "ಮಾಷ್ಟ್ರೇ, ಬೆರಳು ನೋಯುತ್ತದೆ" ಎಂದಿತು. ನಾವು ಮೆಲ್ಲನೆ ಹಿಡಿದಿದ್ದೇವೆಂದೇ ತಿಳಿದಿದ್ದೆವು. ಬಿಡಿಸಿ ನೋಡಿದರೆ ಆ ಎಳೆಯ ಬೆರಳುಗಳ ಮೇಲೆ ನಮ್ಮ ಹಿಡಿತದ ಗುರುತು ಕೆಂಪಾಗಿ ಮೂಡಿತ್ತು. ಆ ದಿನದಿಂದ ಮಕ್ಕಳ ಕೈ ಹಿಡಿಯುವುದನ್ನು ಬಿಟ್ಟೆವು.

ಚಿಕಿತ್ಸೆಯ ಮೊದಲ ಅಧ್ಯಾಯವನ್ನು ಬೇಗನೆ ದಾಟಿಬಿಡೋಣ. ಒಬ್ಬ ವೈದ್ಯರು ಇದು ಕುತ್ತಿಗೆಯ ದೋಷವೆಂದು ಹೇಳಿ ಕೊರಳಿಗೊಂದು ಪಟ್ಟಿಯನ್ನು ಕಟ್ಟಿಸಿದರು. ಮೂರು ತಿಂಗಳು ಅದನ್ನು ಧರಿಸಿ, ನೊಗ ಹೊತ್ತ ಎತ್ತಿನಂತೆ ಶಾಲೆಗೆ ಹೋಗಿಬಂದೆವು. ಮನೆಯಲ್ಲಿ ಧಾನ್ವಂತರ ತೈಲದ ನೀವಿಕೆ ನಡೆಯಿತು. ತೈಲದ ಪರಿಮಳ ಪಾಠದ ಪುಸ್ತಕಗಳಿಗೂ ಹತ್ತಿತೇ ಹೊರತು ಜೋಮು ಹೋಗಲಿಲ್ಲ. ಕೊನೆಗೆ ಮಂಗಳೂರಿಗೆ ಹೋದೆವು. ಕಾಸರಗೋಡಿನ ಈ ಉತ್ತರದ ಮೂಲೆಯವರಿಗೆ ಕಾಯಿಲೆಯ ದಾರಿ ಯಾವಾಗಲೂ ಮಂಗಳೂರಿಗೇ ತಾನೆ? 1956ರಲ್ಲಿ ರಾಜ್ಯದ ಗಡಿ ಬದಲಾಯಿತು. ರೋಗಿಯ ಕಾಲು ಬದಲಾಗಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ಭಯದಿಂದ ತಲಪಾಡಿಯಲ್ಲಿ ದಾರಿಯನ್ನು ಮುಚ್ಚಿದಾಗ ಹಿಂದೆ ತಿರುಗಬೇಕಾಗಿ ಬಂದ ರೋಗಿಗಳ ನೆನಪು ನಮ್ಮಲ್ಲಿ ಇನ್ನೂ ಹಸಿಯಾಗಿದೆ. ಬಸ್ಸು ಆ ಜಾಗವನ್ನು ದಾಟುವಾಗ ನಾವು ಈಗಲೂ ಒಮ್ಮೆ ಹೊರಗೆ ನೋಡುತ್ತೇವೆ.

ಮಂಗಳೂರಿನ ಡಾಕ್ಟರು ನಮಗಿಂತ ಚಿಕ್ಕವರು. ಅವರು ಕುತ್ತಿಗೆಯನ್ನು ಮುಟ್ಟಿ ನೋಡುವ ಮುನ್ನ ಒಂದು ಪ್ರಶ್ನೆ ಕೇಳಿದರು. "ಕಿರುಬೆರಳು ಜೋಮು ಹಿಡಿಯುತ್ತದೆಯೆ, ಮಾಷ್ಟ್ರೇ?" ಯೋಚಿಸಿದೆವು. ಇಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಒಂದು ಮಗ್ಗುಲು, ಇಷ್ಟೇ. ಎರಡು ವರ್ಷ ನರಳಿದರೂ ಕಿರುಬೆರಳು ಈ ಗದ್ದಲದಲ್ಲಿ ಸೇರಿಲ್ಲವೆಂಬುದು ನಮ್ಮ ಗಮನಕ್ಕೆ ಬಂದಿರಲಿಲ್ಲ. ಮಕ್ಕಳಿಗೆ ನಿರೀಕ್ಷಣೆಯ ಪಾಠ ಹೇಳುವವರು ನಾವು! ಬಳಿಕ ಎರಡೂ ಮಣಿಕಟ್ಟುಗಳನ್ನು ಕೆಳಕ್ಕೆ ಮಡಿಸಿ, ಕೈಗಳ ಬೆನ್ನಿಗೆ ಬೆನ್ನು ತಾಗಿಸಿ ಒಂದು ನಿಮಿಷ ಹಿಡಿಯಹೇಳಿದರು. ಅರ್ಧ ನಿಮಿಷದೊಳಗೆ ಇರುವೆಗಳು ಬಂದವು. ಇದು ಜಾರ್ಜ್ ಫೇಲೆನ್ ಎಂಬ ಅಮೆರಿಕದ ವೈದ್ಯರ ಹೆಸರು ಹೊತ್ತ ಪರೀಕ್ಷೆ. 1950ರಿಂದೀಚೆಗೆ ಈ ವ್ಯಾಧಿಯನ್ನು ವೈದ್ಯಲೋಕದ ಗಮನಕ್ಕೆ ಮತ್ತೆ ಮತ್ತೆ ತಂದವರು ಅವರೇ. ವ್ಯಾಧಿಯ ಹೆಸರು ಕಾರ್ಪಲ್ ಟನೆಲ್ ಸಿಂಡ್ರೋಮ್, ಎಂದರೆ ಮಣಿಕಟ್ಟಿನ ಸುರಂಗದ ಬೇನೆ.

ಸುರಂಗವೆಂದೊಡನೆ ನಮಗೆ ಅರ್ಥವಾಯಿತು. ಬಾಯಾರು, ಪಡ್ರೆಯ ಕಡೆಯವರಿಗೆ ಸುರಂಗವೆಂದರೇನೆಂದು ಬೇರೆ ಹೇಳಬೇಕೆ? ಗುಡ್ಡದ ಮಗ್ಗುಲಿಗೆ, ಮುರಕಲ್ಲಿನಲ್ಲಿ ಅಡ್ಡಲಾಗಿ ಕೊರೆದ ನೀರಿನ ದಾರಿ. ಒಬ್ಬನು ನುಸುಳಿ ಹೋಗುವಷ್ಟೇ ಅಗಲ. ಎದುರಿಗೆ ಇನ್ನೊಬ್ಬನು ಬಂದರೆ ಇಬ್ಬರೂ ಗೋಡೆಗೆ ಅಂಟಿಕೊಳ್ಳಬೇಕು. ನಮ್ಮ ಮಣಿಕಟ್ಟಿನಲ್ಲಿಯೂ ಅಂಥದೊಂದಿದೆ. ಎಂಟು ಚಿಕ್ಕ ಎಲುಬುಗಳು ಕೂಡಿ ದೋಣಿಯಂತೆ ಕೆಳಗೂ ಎರಡು ಬದಿಗೂ ನಿಂತಿವೆ. ಮೇಲುಗಡೆ, ಅಂಗೈಯ ಬುಡದಲ್ಲಿ, ಒಂದು ದಪ್ಪನಾದ ಬಿಳಿಯ ಪಟ್ಟಿ ಈ ದಂಡೆಯಿಂದ ಆ ದಂಡೆಗೆ ಬಿಗಿದಿದೆ. ಈ ಸಂದಿನಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು ಸಾಗುತ್ತವೆ. ನಾಲ್ಕು ಬೆರಳುಗಳಿಗೆ ಎರಡೆರಡು, ಹೆಬ್ಬೆರಳಿಗೆ ಒಂದು. ಅವುಗಳ ನಡುವೆ ಹತ್ತನೆಯದಾಗಿ ಮೀಡಿಯನ್ ಎಂಬ ನರ. ಒಂಬತ್ತು ಮಂದಿ ಕೆಲಸಗಾರರು, ಒಬ್ಬ ಸುದ್ದಿಗಾರ. ರಜ್ಜುಗಳ ಹೊದಿಕೆ ಬಾತರೆ ಅವುಗಳಿಗೆ ಹೆಚ್ಚಿನ ಬಾಧೆಯಿಲ್ಲ. ಮೆತ್ತಗಿನ ನರ ಪಟ್ಟಿಯ ಅಡಿಗೆ ಸಿಕ್ಕಿ ಅದುಮಿಹೋಗುತ್ತದೆ, ಅದಕ್ಕೆ ರಕ್ತ ಸರಿಯಾಗಿ ಹರಿಯದು. ಮಲಗಿದಾಗ ಮಣಿಕಟ್ಟನ್ನು ಅರಿಯದೆಯೇ ಮಡಿಸುತ್ತೇವಾದ್ದರಿಂದ ರಾತ್ರಿ ಹೊತ್ತು ಹೆಚ್ಚು.

ಕಿರುಬೆರಳಿಗೆ ಬೇರೆ ನರ. ಅದು ಈ ಸುರಂಗವನ್ನು ಹೊಗುವುದೇ ಇಲ್ಲ. ಉಂಗುರಬೆರಳಿನ ಒಂದು ಮಗ್ಗುಲು ಆ ನರದ್ದು, ಇನ್ನೊಂದು ಮಗ್ಗುಲು ಈ ನರದ್ದು. ಇದನ್ನು ಕೇಳಿ ನಾವು ಜೋರಾಗಿ ನಕ್ಕುಬಿಟ್ಟೆವು. ಡಾಕ್ಟರು ಏನೆಂದು ಕೇಳಿದರು. "ಏನಿಲ್ಲ, ನಮ್ಮ ಹಾಗೆ ಗಡಿನಾಡಿನದು" ಎಂದೆವು.

ಈ ಬೇನೆಯ ಚರಿತ್ರೆಯಲ್ಲಿ ಒಂದು ಸಂಗತಿ ನಮ್ಮನ್ನು ಕಾಡುತ್ತಿದೆ. ಜೇಮ್ಸ್ ಪೇಜೆಟ್ ಎಂಬ ಇಂಗ್ಲಿಷ್ ವೈದ್ಯರು ಮಣಿಕಟ್ಟಿನ ಬಳಿ ಎಲುಬು ಮುರಿದ ರೋಗಿಯೊಬ್ಬನ ನರ ಹೀಗೆ ಅದುಮಿಹೋದುದನ್ನು 1854ರಲ್ಲಿಯೇ ಬರೆದಿದ್ದರು. 1913ರಲ್ಲಿ ಪಿಯರ್ ಮರೀ ಮತ್ತು ಶಾರ್ಲ್ ಫ್ವಾ ಎಂಬ ಫ್ರೆಂಚ್ ವೈದ್ಯರಿಬ್ಬರು, ಹೆಬ್ಬೆರಳ ಬುಡ ಬತ್ತಿಹೋಗಿದ್ದ 80 ವರ್ಷದ ವ್ಯಕ್ತಿಯೊಬ್ಬರ ಕೈಯನ್ನು ಮರಣಾನಂತರ ಬಿಡಿಸಿ ನೋಡಿದರು. ನರವು ಪಟ್ಟಿಗಿಂತ ಮೇಲೆ ಗಂಟಿನಂತೆ ದಪ್ಪವಾಗಿತ್ತು, ಪಟ್ಟಿಯ ಅಡಿಯಲ್ಲಿ ಸಪೂರವಾಗಿತ್ತು. ಕಾಲದಲ್ಲಿ ಗುರುತಿಸಿ ಪಟ್ಟಿಯನ್ನು ಕತ್ತರಿಸಿದರೆ ಈ ಹಾನಿ ತಪ್ಪೀತು ಎಂಬ ಸೂಚನೆಯನ್ನೂ ಕೊಟ್ಟರು. ಅದನ್ನು ಬಹುಮಂದಿ ಗಮನಿಸಲಿಲ್ಲ. ಮುಂದೆಯೂ ವೈದ್ಯರು ಕುತ್ತಿಗೆಯಲ್ಲಿಯೇ ಕಾರಣವನ್ನು ಹುಡುಕುತ್ತಿದ್ದರು. ನಮ್ಮ ಕೊರಳಪಟ್ಟಿಗೂ ಹೀಗೆ ಒಂದು ಪರಂಪರೆಯುಂಟು. 1933ರಲ್ಲಿ ಜೇಮ್ಸ್ ಲಿಯರ್ಮಂತ್ ಎಂಬವರು ಪಟ್ಟಿಯನ್ನು ಸೀಳಿದ ಶಸ್ತ್ರಚಿಕಿತ್ಸೆಯನ್ನು ವರದಿ ಮಾಡಿದರು. ಇತ್ತ ನಡುವಯಸ್ಸಿನ ಹೆಂಗಸರು ರಾತ್ರಿ ಕೈ ಜೋಮು ಹಿಡಿಯುತ್ತದೆಂದು ವೈದ್ಯರ ಬಳಿಗೆ ಬರುತ್ತಲೇ ಇದ್ದರು. ಅವರಿಗೆ ಏಕ್ರೋಪರೆಸ್ಥೇಶಿಯಾ ಎಂಬ ಉದ್ದನೆಯ ಗ್ರೀಕ್ ಹೆಸರೊಂದು ದೊರೆಯಿತು. ಕಾಲು ಶತಮಾನದ ಮೇಲೆಯೂ ಬಹುಮಂದಿಗೆ ದೊರೆತದ್ದು ಆ ಹೆಸರಷ್ಟೆ.

ನಮ್ಮ ನರದ ಪರೀಕ್ಷೆಯಾಯಿತು. ಮಣಿಕಟ್ಟಿನಲ್ಲಿ ಸಣ್ಣದೊಂದು ವಿದ್ಯುತ್ತಿನ ಏಟು ಕೊಟ್ಟು, ಅದು ಹೆಬ್ಬೆರಳಿನ ಸ್ನಾಯುವನ್ನು ಮುಟ್ಟಲು ಎಷ್ಟು ಹೊತ್ತು ಬೇಕಾಯಿತೆಂದು ಯಂತ್ರ ಅಳೆಯುತ್ತದೆ. ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಸುಮಾರು 4ರೊಳಗೆ ತಲುಪಬೇಕು. ನಮ್ಮದು 6 ದಾಟಿತ್ತು. ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಕೊರತೆ, ಕೀಲುವಾತ, ಗರ್ಭಿಣಿಯರ ಸ್ಥಿತಿ, ಇವು ಇದಕ್ಕೆ ಎಡೆಮಾಡಬಹುದಂತೆ. ರಕ್ತಪರೀಕ್ಷೆಯಲ್ಲಿ ನಮಗೆ ಯಾವುದೂ ಕಾಣಲಿಲ್ಲ. ಸ್ಟೆನ್ಸಿಲ್ ಕೊರೆದದ್ದರಿಂದ ಬಂತೆ ಎಂದು ಕೇಳಿದೆವು. (ಹೌದೆಂದಿದ್ದರೆ ಸಂಪಾದಕರ ಮೇಲೆ ಹೊರಿಸುವ ಆಸೆಯಿತ್ತು.) ಬಲವಾಗಿ ಹಿಡಿದು ಮತ್ತೆ ಮತ್ತೆ ಮಾಡುವ ಕೆಲಸ, ನಡುಗುವ ಯಂತ್ರದ ಕೆಲಸ, ಇವುಗಳಿಗೂ ಇದಕ್ಕೂ ಸಂಬಂಧವುಂಟು, ತಿಂಗಳಿಗೆ ನಾಲ್ಕು ದಿನದ ಬರೆಹಕ್ಕೆ ಅಷ್ಟು ಶಕ್ತಿಯಿಲ್ಲ ಎಂದರು. ಹಾಗೆಂದು ನಿಲ್ಲಿಸಿ ಇನ್ನೊಂದು ಮಾತು ಕೇಳಿದರು. "ಕೆಲವರಿಗೆ ಇದು ಮನೆತನದಲ್ಲಿಯೇ ಬರುತ್ತದೆ. ನಿಮ್ಮ ಮನೆಯಲ್ಲಿ ಮತ್ತೆ ಯಾರಿಗಾದರೂ ಉಂಟೆ?"

ಇಲ್ಲವೆಂದು ಬಾಯಿ ತೆರೆದವರು ಹಾಗೆಯೇ ನಿಂತೆವು. ಕಿವಿಯಲ್ಲಿ ಬಳೆಗಳ ಸದ್ದು ಕೇಳಿಸಿತು.

ನಮ್ಮ ತಾಯಿ ಬೀಡಿ ಕಟ್ಟುತ್ತಿದ್ದವರು. ತಂದೆಯವರ ಕೂಲಿ ಅಕ್ಕಿಗಾದರೆ ಅವರ ಬೀಡಿ ನಮ್ಮ ಓದಿಗೆ. ಸಂಜೆಯ ಹೊತ್ತಿಗೆ ಮಡಿಲಿನ ಗೆರಸೆಯಲ್ಲಿ ಒದ್ದೆ ಎಲೆ, ಕತ್ತರಿ, ಹೊಗೆಸೊಪ್ಪು, ನೂಲು. ಎಲೆಯನ್ನು ಕತ್ತರಿಸಿ, ಸೊಪ್ಪು ಹರಡಿ, ಹೆಬ್ಬೆರಳಿನಿಂದ ಸುರುಳಿ ಸುತ್ತಿ, ಬಾಯಿ ಮುಚ್ಚಿ, ನೂಲು ಬಿಗಿದು ಎಸೆಯುವುದರೊಳಗೆ ನಮ್ಮ ಮಗ್ಗಿಯ ಒಂದು ಸಾಲು ಮುಗಿಯುತ್ತಿತ್ತು. ಸಾವಿರ ಬೀಡಿಯಾದ ದಿನ ಅವರ ಮುಖ ಬೇರೆ, ಆಗದ ದಿನ ಬೇರೆ. ರಾತ್ರಿ, ನಮ್ಮ ಚಾಪೆಯ ಆಚೆ, ಕತ್ತಲೆಯಲ್ಲಿ ಗಾಜಿನ ಬಳೆಗಳು ಝಣಝಣವೆನ್ನುತ್ತಿದ್ದವು. ಒಂದಷ್ಟು ಹೊತ್ತು ಸದ್ದಾಗಿ ನಿಂತು, ಮತ್ತೆ ಸದ್ದಾಗುತ್ತಿತ್ತು. ಅಮ್ಮ ನುಸಿ ಓಡಿಸುತ್ತಿದ್ದಾರೆಂದು ತಿಳಿದು ನಾವು ಹೊದಿಕೆ ಎಳೆದುಕೊಳ್ಳುತ್ತಿದ್ದೆವು. ಬಾಲ್ಯದ ನಿದ್ದೆಗೆ ಅದೊಂದು ಜೋಗುಳವೇ ಆಗಿತ್ತೆಂದು ಹಿಂದೊಮ್ಮೆ ಈ ಪತ್ರಿಕೆಯಲ್ಲಿಯೇ ಬರೆದೂ ಇದ್ದೇವೆ. ಆ ವಾಕ್ಯವನ್ನು ಈಗ ಹಿಂತೆಗೆದುಕೊಳ್ಳಬೇಕಾಗಿದೆ. ಕೈ ಕೊಡಹಿದರೆ ಜೋಮು ಇಳಿಯುವುದು ಈ ಬೇನೆಯ ಗುರುತುಗಳಲ್ಲೊಂದು.

ಮನೆಗೆ ಬಂದು ಕೇಳಿದೆವು. ಅವರು ಬಚ್ಚಲೊಲೆಗೆ ಮಡಲು ತುರುಕುತ್ತಿದ್ದರು, ತಿರುಗಿ ನೋಡದೆ ತುಳುವಿನಲ್ಲಿ ಹೇಳಿದ್ದರ ಅರ್ಥವಿಷ್ಟು: "ಕೆಲಸ ಮಾಡುವ ಕೈ ಮಗಾ, ಜೋಮು ಹಿಡಿಯದೆ ಇರುತ್ತದೆಯೆ? ಈ ಕಿರಿಯದೊಂದು ಮಾತ್ರ ಹೇಳಿದ ಮಾತು ಕೇಳುತ್ತದೆ." ಹಾಗೆನ್ನುತ್ತ ಕಿರುಬೆರಳನ್ನು ಎತ್ತಿ ತೋರಿಸಿದರು. ಡಾಕ್ಟರು ಕೇಳಿದ ಪ್ರಶ್ನೆಗೆ ಅವರು ಕೇಳದೆಯೇ ಉತ್ತರ ಕೊಟ್ಟಿದ್ದರು. ಬೆಳಕಿಗೆ ಕರೆದು ಅವರ ಅಂಗೈ ನೋಡಿದೆವು. ಹೆಬ್ಬೆರಳ ಬುಡದಲ್ಲಿ ಎಲ್ಲರಿಗೂ ಇರುವ ಮಾಂಸದ ದಿಂಡು ಅವರಲ್ಲಿ ಇರಲಿಲ್ಲ. ಬತ್ತಿದ ಕೆರೆಯ ಹಾಗೆ ತಗ್ಗು. ಮಾನವ ಶರೀರದ ಪಟವನ್ನು ಗೋಡೆಗೆ ತೂಗುಹಾಕಿ ಪಾಠ ಹೇಳುತ್ತ ಬಂದ ನಾವು ಆ ಕೈಯಿಂದ ಪ್ರತಿದಿನ ಗಂಜಿಯ ಬಟ್ಟಲನ್ನು ತೆಗೆದುಕೊಳ್ಳುತ್ತಿದ್ದೆವು.

ನಮ್ಮ ಕೈಗೆ ಮೊದಲು ಪಟ್ಟಿ ಕಟ್ಟಿದರು. ರಾತ್ರಿ ಮಣಿಕಟ್ಟು ಮಡಿಯದಂತೆ ನೇರವಾಗಿ ನಿಲ್ಲಿಸುವಂಥದು. ಬೇನೆ ಎಳೆಯದಾಗಿದ್ದರೆ ಅಷ್ಟರಿಂದಲೇ ಗುಣವಾಗುವುದುಂಟು. ಒಂದು ಸ್ಟೀರಾಯ್ಡ್ ಸೂಜಿಯೂ ಆಯಿತು. ಅದರ ಸುಖ ಎರಡು ತಿಂಗಳು. ಮತ್ತೆ ಇರುವೆಗಳು ಬಂದಾಗ ಶಸ್ತ್ರಚಿಕಿತ್ಸೆಯ ಮಾತು ಎದ್ದಿತು. ದಾರಿ ಎರಡು. ಅಂಗೈಯ ಬುಡವನ್ನು ಸೀಳಿ, ಪಟ್ಟಿಯನ್ನು ಕಣ್ಣಾರೆ ಕಂಡು ಕತ್ತರಿಸುವುದು ಹಳೆಯ ದಾರಿ. ಮಣಿಕಟ್ಟಿನ ಗೆರೆಯಲ್ಲಿ ಸುಮಾರು ಒಂದು ಸೆಂಟಿಮೀಟರಿನಷ್ಟು ಕೊಯ್ದು, ಕಡ್ಡಿಯಂಥ ದುರ್ಬೀನನ್ನು ಸುರಂಗದೊಳಗೆ ತೂರಿಸಿ, ಒಳಗಿನಿಂದಲೇ ಪಟ್ಟಿಯನ್ನು ಬಿಡಿಸುವುದು ಹೊಸತು. ಜಪಾನಿನ ಒಕುತ್ಸು, ಅಮೆರಿಕದ ಚೌ ಎಂಬವರು 1989ರಲ್ಲಿ ತಮ್ಮ ತಮ್ಮ ವಿಧಾನಗಳನ್ನು ಪ್ರಕಟಿಸಿದ ಮೇಲೆ ಇದು ಬಳಕೆಗೆ ಬಂತು. ಯಾವುದು ಮೇಲೆಂದು ಕೇಳಿದೆವು. ಡಾಕ್ಟರು ಹೊಸದನ್ನು ಹೊಗಳಲಿಲ್ಲ; ಅದರಿಂದಲೇ ನಮಗೆ ಅವರಲ್ಲಿ ವಿಶ್ವಾಸ ಹುಟ್ಟಿತು. ವರ್ಷ ಕಳೆದ ಮೇಲೆ ನೋಡಿದರೆ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ದುರ್ಬೀನಿನದರಲ್ಲಿ ಅಂಗೈಯ ಚರ್ಮಕ್ಕೆ ಗಾಯವಿಲ್ಲದ್ದರಿಂದ ಕೆಲಸಕ್ಕೆ ಬೇಗ ಮರಳಬಹುದು. ಆದರೆ ನರಕ್ಕೆ ತಾತ್ಕಾಲಿಕವಾಗಿ ಪೆಟ್ಟು ತಗಲುವ ಸಂಭವ ತುಸು ಹೆಚ್ಚು. ಒಳಗೆ ಸ್ಪಷ್ಟವಾಗಿ ಕಾಣದಿದ್ದರೆ ನಡುವೆಯೇ ನಿಲ್ಲಿಸಿ ಅಂಗೈ ಸೀಳಬೇಕಾದೀತು. ಬೇಸಗೆಯ ರಜೆ ಮುಗಿಯುವುದರೊಳಗೆ ಕೈ ಬೇಕಾಗಿದ್ದ ನಾವು ದುರ್ಬೀನನ್ನೇ ಆರಿಸಿಕೊಂಡೆವು.

ಏಪ್ರಿಲಿನಲ್ಲಿ ಒಂದು ಬೆಳಗ್ಗೆ. ಪ್ರಜ್ಞೆ ತಪ್ಪಿಸಲಿಲ್ಲ, ಮಣಿಕಟ್ಟಿಗೂ ಅಂಗೈಗೂ ಮರವು ಬರುವ ಸೂಜಿ ಚುಚ್ಚಿದರು. ಅದು ಉರಿಯಿತು. ರಕ್ತ ಇಳಿಯದಂತೆ ತೋಳಿಗೆ ಬಿಗಿದ ಪಟ್ಟಿ ಅದಕ್ಕಿಂತ ಹೆಚ್ಚು ನೋಯಿಸಿತು. ನಿಜ ಹೇಳಬೇಕೆಂದರೆ ಇಡೀ ಪ್ರಸಂಗದಲ್ಲಿ ನೋವೆಂದರೆ ಅದೇ. ತೆರೆಯನ್ನು ನೋಡಬಹುದೆ ಎಂದು ಕೇಳಿದೆವು. ನೋಡಿ ಎಂದರು. ನಮ್ಮ ಕೈಯ ಒಳಗನ್ನು ನಾವು ಕಂಡೆವು. ಸುರಂಗದ ಮಾಡಿನಂತೆ ಬೆಳ್ಳನೆಯ ಎಳೆಗಳು ಅಡ್ಡಡ್ಡಲಾಗಿ, ಹೊಸ ಚಾಪೆಯ ನೇಯ್ಗೆಯಂತೆ ಒತ್ತಾಗಿ ಹೊಳೆಯುತ್ತಿದ್ದವು. ಕಡ್ಡಿಯ ತುದಿಯಿಂದ ಸಣ್ಣದೊಂದು ಅಲಗು ಮೇಲೆದ್ದು ಹಿಂದಕ್ಕೆ ಬಂತು. ಅದು ಬಂದ ದಾರಿಯಲ್ಲಿ ಎಳೆಗಳು ಎರಡಾಗಿ ಸರಿದವು, ನಡುವಿನಿಂದ ಹಳದಿಯ ಕೊಬ್ಬು ಕೆಳಗೆ ಜೋತುಬಿದ್ದಿತು. "ಆಯಿತು ಮಾಷ್ಟ್ರೇ, ಬಾಗಿಲು ತೆರೆಯಿತು" ಎಂದರು ಡಾಕ್ಟರು. ಒಳಗೆ ಕಳೆದ ಹೊತ್ತು ಒಂದು ಪೀರಿಯಡಿನ ಅರ್ಧವೂ ಇರಲಿಲ್ಲ. ಬಿಡಿಸಿದ ಪಟ್ಟಿ ಮತ್ತೆ ಕೂಡುತ್ತದಂತೆ, ಆದರೆ ಮೊದಲಿಗಿಂತ ಸಡಿಲಾಗಿ. ಆ ಸಡಿಲೇ ನರಕ್ಕೆ ದೊರೆಯುವ ಜಾಗ.

ಅದೇ ರಾತ್ರಿ ನಾವು ಬೆಳಗಿನ ತನಕ ನಿದ್ದೆ ಮಾಡಿದೆವು. ಬೆರಳ ತುದಿಗೆ ಅರಿವು ಬರಲು ವಾರಗಳು ಹಿಡಿದವು. ಹೊಲಿಗೆ ಬಿಚ್ಚಿದ ಮೇಲೆ ಮಣಿಕಟ್ಟಿನಲ್ಲಿ ಉಳಿದದ್ದು ಒಂದು ಅಡ್ಡಗೆರೆ, ಕನ್ನಡದ ಒಂದು ತಲೆಕಟ್ಟಿನಷ್ಟು. ಅಂಗೈಯ ಬುಡದ ಎರಡು ಬದಿಯ ದಿಂಡುಗಳಲ್ಲಿ ಮಾತ್ರ ಊರಿದರೆ ನೋವು. ಬಾವಿಯ ಹಗ್ಗ ಎಳೆಯಲು ಮೂರು ತಿಂಗಳು ಕಾಯಬೇಕಾಯಿತು. ಕಳೆದ ಎರಡು ಸಂಚಿಕೆಗಳಲ್ಲಿ ಮೊದಲನೆಯದು ಅರಿವಿಲ್ಲದ ಬೆರಳಿನ ಕೆಲಸ, ಎರಡನೆಯದು ಹಿಡಿತವಿಲ್ಲದ ಕೈಯ ಕೆಲಸ. ಕೋಳಿಯ ಮೇಲಿನ ಅಪವಾದವನ್ನು ಆ ಬಾಲಿಕೆ ದಯವಿಟ್ಟು ಹಿಂತೆಗೆದುಕೊಳ್ಳಬೇಕು.

ತಾಯಿಯವರನ್ನು ಮಂಗಳೂರಿಗೆ ಕರೆದೊಯ್ಯುವುದು ಸುಲಭವಾಗಲಿಲ್ಲ. "ನಿನಗೆ ಬರೆಯಲಿಕ್ಕುಂಟು, ನನಗೆ ಎಂತದಕ್ಕೆ?" ಎಂಬ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಮನೆಯವರು ಉತ್ತರ ಕಂಡರು. "ಅತ್ತೇ, ನಿದ್ದೆ ಮಾಡಲಿಕ್ಕೆ" ಎಂದರು. ಆ ಮಾತಿಗೆ ತಾಯಿ ಒಪ್ಪಿದರು. ನರದ ಪರೀಕ್ಷೆಯಲ್ಲಿ ಅವರ ಬಲಗೈಗೆ ಏಟು ಕೊಟ್ಟಾಗ ಹೆಬ್ಬೆರಳಿನ ಸ್ನಾಯುವಿನಿಂದ ಯಂತ್ರದಲ್ಲಿ ಗೆರೆಯೇ ಏಳಲಿಲ್ಲ. ಡಾಕ್ಟರು ಮೆಲುದನಿಯಲ್ಲಿ ಹೇಳಿದರು: ರಾತ್ರಿಯ ಬಾಧೆ ಇಳಿದೀತು, ಬತ್ತಿದ ಸ್ನಾಯು ಮರಳಿ ತುಂಬುವುದೆಂದು ಭರವಸೆ ಕೊಡಲಾರೆ, ಹತ್ತು ವರ್ಷದ ಹಿಂದೆ ಬಂದಿದ್ದರೆ ಮಾತು ಬೇರೆ. ಹತ್ತು ವರ್ಷದ ಹಿಂದೆ ನಾವು ಉಪಾಧ್ಯಾಯರಾಗಿ, ಸಂಬಳ ಎಣಿಸುತ್ತ, ಅದೇ ಮನೆಯಲ್ಲಿಯೇ ಇದ್ದೆವು.

ಅವರ ಕೈಗೂ ದುರ್ಬೀನಿನ ಚಿಕಿತ್ಸೆಯೇ ಆಯಿತು. ಒಳಗೆ ಹೋಗುವ ಮೊದಲು ಬಳೆ ತೆಗೆಯಬೇಕೆಂದಾಗ ಒಂದಿಷ್ಟು ತಕರಾರು ಮಾಡಿದರು. ಕೊನೆಗೆ ಒಂದೊಂದಾಗಿ ತೆಗೆದು ನಮ್ಮ ಅಂಗೈಯಲ್ಲಿಟ್ಟರು. ಹಸಿರಿನವು ಆರಿದ್ದವು. ಈಗ ಎರಡು ತಿಂಗಳಾದವು. ಸೂಜಿಗೆ ನೂಲು ಪೋಣಿಸಲು ಹೆಬ್ಬೆರಳು ಇನ್ನೂ ಒಪ್ಪುತ್ತಿಲ್ಲ, ಒಪ್ಪಲಿಕ್ಕಿಲ್ಲ. ನಾವು ಒಂದನೆಯ ತರಗತಿಯಲ್ಲಿ ಮತ್ತೆ ಮಕ್ಕಳ ಕೈ ಹಿಡಿದು ತಿದ್ದಿಸತೊಡಗಿದ್ದೇವೆ. ಈ ಪುಟಗಳ ಸ್ಟೆನ್ಸಿಲನ್ನು ರಾತ್ರಿ ಚಾವಡಿಯಲ್ಲಿ ಕುಳಿತು ನಾವೇ ಕೊರೆಯುತ್ತಿದ್ದೇವೆ. ಎರಡು ಗಂಟೆಗೆ ಅಮ್ಮನಿಗೆ ಹಳೆಯ ಅಭ್ಯಾಸದಿಂದ ಎಚ್ಚರವಾಗುತ್ತದೆ. ಎದ್ದು ಕೂರುತ್ತಾರೆ, ಕೊಡಹುವುದಕ್ಕೆ ಏನೂ ಇಲ್ಲದೆ ಕೈಯನ್ನೊಮ್ಮೆ ತಿರುಗಿಸಿ ನೋಡುತ್ತಾರೆ, ದೀಪ ಕಂಡು, "ಇನ್ನೂ ಮುಗಿಯಲಿಲ್ಲವೇನೋ ಮಗಾ?" ಎಂದು ಗದರಿಸಿ ಮತ್ತೆ ಮಲಗುತ್ತಾರೆ.